ನಗಿಸುವ ಹಾಡಿಗೂ ಶ್ರುತಿ ಬೇಕು

ಹಾಸ್ಯದ ಪಾರ್ಟು ಮಾಡುವವಳು ಹೇಗೆ ಹಾಡಿದರೂ ನಡೆಯುತ್ತದೆ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಅಪಸ್ವರ ಬಂದರೆ ಜನ ಇನ್ನಷ್ಟು ನಗುತ್ತಾರೆ, ಅದೇ ಅವಳ ಕಸುಬು ಎಂಬುದು ಅವರ ಲೆಕ್ಕ. ಕಂಪನಿ ನಾಟಕದ ರಂಗದ ಮೇಲೆ, ಆಮೇಲೆ ಟಿವಿ ಸ್ಕಿಟ್‌ಗಳ ಸೆಟ್ಟಿನಲ್ಲಿ ಬದುಕು ಸವೆಸಿದ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ನಗಿಸುವ ಹಾಡಿಗೆ ಅಳಿಸುವ ಹಾಡಿಗಿಂತ ಬಿಗಿಯಾದ ಶ್ರುತಿ ಬೇಕು. ದುಃಖದ ಹಾಡಿನಲ್ಲಿ ಸ್ವರ ಕೊಂಚ ಜಾರಿದರೆ, ಪಾಪ, ಗಂಟಲು ಬಿಗಿದು ಬಂತು ಎಂದು ಪ್ರೇಕ್ಷಕರು ಸುಮ್ಮನಾಗುತ್ತಾರೆ. ಹಾಸ್ಯದ ಹಾಡಿನಲ್ಲಿ ಜಾರಿದರೆ ಮಾತನ್ನು ಬಿಟ್ಟು ಆ ಜಾರಿಕೆಗೇ ನಗುತ್ತಾರೆ. ಅಲ್ಲಿಗೆ ಬರೆದವರ ಮಾತು ಸತ್ತಿತು.

ನಾನು ಬೆಳೆದದ್ದು ಬಾಗಲಕೋಟೆ ಸೀಮೆಯ ಕಂಪನಿಗಳಲ್ಲಿ. ಅವ್ವ ಹೀರೋಯಿನ್ ಪಾರ್ಟು ಮಾಡುತ್ತಿದ್ದಳು, ಅಪ್ಪ ಪರದೆಯ ಕೆಲಸ ನೋಡಿಕೊಳ್ಳುತ್ತಿದ್ದ. ನನಗೆ ಬಂದದ್ದು ಹಾಸ್ಯದ ಪಾರ್ಟು. ಕಂಪನಿ ನಾಟಕದಲ್ಲಿ ಹಾಸ್ಯದ ಸೀನು ಎಲ್ಲಿ ಬರುತ್ತದೆ ಎಂಬುದನ್ನು ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಒಂದು ದೊಡ್ಡ ಸೀನು ಮುಗಿದ ಕೂಡಲೇ ಮುಂದೆ ರಸ್ತೆಯ ಪರದೆ ಇಳಿಯುತ್ತದೆ. ಆ ಪರದೆಯ ಹಿಂದೆ ಹುಡುಗರು ಮನೆ ಕಿತ್ತು ಅರಮನೆ ಕಟ್ಟುತ್ತಿರುತ್ತಾರೆ. ಪರದೆಯ ಮುಂದೆ ಉಳಿದ ಕಿರಿದಾದ ಜಾಗದಲ್ಲಿ ನಾವು ಹಾಸ್ಯದ ಜೋಡಿ ನಿಂತು ಜನರನ್ನು ಹಿಡಿದಿಡಬೇಕು. ಗೌಡರ ಮನೆಯ ಆಳು, ಹೂ ಮಾರುವವಳು, ಸಾಲ ಕೇಳಲು ಬಂದವನು, ಅವನನ್ನು ಓಡಿಸುವ ಅತ್ತೆ. ಕಥೆಗೆ ಅಂಟಿಯೂ ಅಂಟದ ಪುಟ್ಟ ನಾಟಕಗಳು ಅವು. ಟಿವಿಯವರು ಇಂದು ಸ್ಕಿಟ್ ಎನ್ನುವುದನ್ನೇ ನಾವು ಆಗ ಪ್ರತಿ ರಾತ್ರಿ ಮಾಡುತ್ತಿದ್ದೆವು.

ಅಲ್ಲಿ ಹಾಡಿಗೆ ಒಂದು ಗಟ್ಟಿ ಕೆಲಸವಿತ್ತು. ಹಿಂದೆ ಅರಮನೆ ನಿಂತಿತೋ ಇಲ್ಲವೋ ನಮಗೆ ಕಾಣುವುದಿಲ್ಲ. ಸೈಡ್ ವಿಂಗಿನಿಂದ ಸೀಟಿ ಬರುವವರೆಗೆ ಹಾಡು ನಡೆಯಬೇಕು. ಸೀಟಿ ತಡವಾದರೆ ಇನ್ನೊಂದು ಚರಣ ಕಟ್ಟಬೇಕು, ಬೇಗ ಬಂದರೆ ಅರ್ಧಕ್ಕೆ ಬಿಟ್ಟಂತೆ ಕಾಣದ ಹಾಗೆ ಪಲ್ಲವಿಗೆ ಮರಳಿ ಮುಗಿಸಬೇಕು. ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ ಮುಂದೆ ಕೂತ ಪೇಟಿ ಮಾಸ್ತರರ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ವಿಂಗಿನ ಮೇಲೆ. ನನಗೆ ಹಾಡು ಕಲಿಸಿದವರೂ ಅವರೇ. “ತಂಗಿ, ಮಾರಿ ನಗಸಲಿ, ಮಾತು ನಗಸಲಿ. ದನಿ ಮಾತ್ರ ಸುರ ಬಿಡಬಾರದವ್ವಾ” ಎಂದು ತಾಲೀಮಿನಲ್ಲಿ ಹೇಳುತ್ತಿದ್ದರು. ಹೀರೋಯಿನ್‌ಗೆ ಕಲಿಸಿದಷ್ಟೇ ಹೊತ್ತು ಕೂರಿಸಿ ನನಗೂ ಕಲಿಸಿದರು. ಸರಳೆ, ಅಲಂಕಾರ, ಭೀಮಪಲಾಸ, ಪೀಲು, ಎಲ್ಲವೂ. ಕಾಮಿಕ್ ಹುಡುಗಿಗೆ ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ಮಾಸ್ತರರು ಉತ್ತರ ಕೊಡದೆ ಪೇಟಿ ಒತ್ತುತ್ತಿದ್ದರು.

ಅವರಿಂದ ಕಲಿತ ಮುಖ್ಯ ಕೆಲಸ ಮಾತನ್ನು ತಾಳದಲ್ಲಿ ಎಲ್ಲಿ ಇಡಬೇಕು ಎಂಬುದು. ನಗೆ ಹುಟ್ಟಿಸುವ ಪದ ತಾಳದ ಮೊದಲ ಏಟಾದ ಸಮ್‌ಗೆ ಮುಂಚೆಯೇ ಪೂರ್ತಿ ಮುಗಿದಿರಬೇಕು. ಸಮ್ ಮೇಲೆಯೇ ಬಿದ್ದರೆ ತಬಲಾದ ಏಟಿನಲ್ಲಿ ಮುಚ್ಚಿಹೋಗುತ್ತದೆ, ಹಿಂದಿನ ಬೆಂಚಿನವರಿಗೆ ಕೇಳುವುದೇ ಇಲ್ಲ. ಮುಂಚೆ ಮುಗಿದರೆ ಆ ಏಟೇ ನಗೆಗೆ ಬಾಗಿಲು ತೆರೆಯುತ್ತದೆ. ಆಮೇಲೆ ನಗೆ ಇಳಿಯುವವರೆಗೆ ಮಾಸ್ತರರು ಒಂದು ಸಣ್ಣ ತುಣುಕನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಾರೆ. ನಾನು ಮುಖ ಬದಲಿಸದೆ ಕಾಯಬೇಕು. ನಗೆ ಪೂರ್ತಿ ಇಳಿಯುವ ಮೊದಲು, ಮುಕ್ಕಾಲು ಇಳಿದಾಗ ಮುಂದಿನ ಸಾಲು ಎತ್ತಬೇಕು. ಪೂರ್ತಿ ಆರಿದ ಮೇಲೆ ಎತ್ತಿದರೆ ಮತ್ತೆ ಮೊದಲಿನಿಂದ ಬಿಸಿ ಮಾಡಬೇಕಾಗುತ್ತದೆ. ಇದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು, ತುಂಬಿದ ಥಿಯೇಟರು ಮಾತ್ರ ಹೇಳಿಕೊಡುತ್ತದೆ.

ಬಾದಾಮಿಯ ಬನಶಂಕರಿ ಜಾತ್ರೆ ಇದಕ್ಕೆ ದೊಡ್ಡ ಶಾಲೆ. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಸಾಲಾಗಿ ಕಂಪನಿಗಳ ಟೆಂಟು ಏಳುತ್ತವೆ, ವಾರಗಟ್ಟಲೆ ಕ್ಯಾಂಪು, ಬೆಳಗಿನವರೆಗೂ ಆಟ. ಪಕ್ಕದ ಕಂಪನಿಯ ಸ್ಪೀಕರಿನಿಂದ ಬೇರೊಂದು ಶ್ರುತಿಯ ಹಾಡು ನಮ್ಮ ಸೀನಿನೊಳಗೆ ನುಗ್ಗಿ ಬರುತ್ತದೆ. ಅದರ ನಡುವೆ ನಿಂತು ನನ್ನ ಷಡ್ಜವನ್ನು ಬಿಡದೆ ಹಿಡಿದದ್ದು ನನ್ನ ಕಿವಿಗೆ ಸಿಕ್ಕ ಅತ್ಯುತ್ತಮ ಪಾಠ. ಅಲ್ಲಿ ವನ್ಸ್ ಮೋರ್ ಬೀಳುತ್ತಿದ್ದದ್ದು ಹೆಚ್ಚಾಗಿ ಸರಿಯಾಗಿ ಹಾಡಿದ ಹಾಸ್ಯದ ಹಾಡಿಗೆ. ಹೊಲಮನೆಯ ಜನ, ನಿಜ, ಆದರೆ ಭಜನೆ, ಪಾರಿಜಾತ ಕೇಳಿ ಪಳಗಿದ ಕಿವಿ ಅವರದು. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಗೊಲ್ಲತಿ ಕೃಷ್ಣನನ್ನು ಮಾತಿನಲ್ಲಿ ಕೆಣಕುತ್ತಾಳೆ, ಮರುಕ್ಷಣ ಹಾಡಿಗೆ ಏರುತ್ತಾಳೆ. ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನವರ ಹೆಸರು ಹೇಳಿದರೆ ಇಂದಿಗೂ ನಮ್ಮ ಕಡೆ ಹಿರಿಯರು ಕೈಯೆತ್ತಿ ಮುಗಿಯುತ್ತಾರೆ. ಹಾಸ್ಯ ಬೇರೆ, ಸಂಗೀತ ಬೇರೆ ಎಂಬ ಗೋಡೆ ಆ ಪರಂಪರೆಯಲ್ಲಿ ಇರಲೇ ಇಲ್ಲ.

ಈ ಗೋಡೆ ಇಲ್ಲದಿದ್ದುದಕ್ಕೆ ಹಳೆ ಮೈಸೂರು ಕಡೆಯ ಸಾಕ್ಷಿ ಗುಬ್ಬಿ ವೀರಣ್ಣನವರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ನಾಡಿನ ಉದ್ದಗಲಕ್ಕೆ ಒಯ್ದ ಮಾಲೀಕರು ಪಾತ್ರದಿಂದ ಹಾಸ್ಯನಟರು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಅವರು ಮಾಡಿದ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಬರುತ್ತಿದ್ದರು. ಅದೇ ಕಳ್ಳನ ಪಾತ್ರವನ್ನು ಮುಂದೆ ಅವರ ಮೊಮ್ಮಗಳು ಬಿ. ಜಯಶ್ರೀ ಮಾಡಿದರು. ನನ್ನ ಕಸುಬಿನ ಹೆಂಗಸರಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಹೇಳಲು ನನಗೆ ಮಾತು ಸಾಲದು. ಹಾಸ್ಯದಲ್ಲಿ ಹೆಣ್ಣಿಗೆ ಸಿಗುತ್ತಿದ್ದುದು ಹಾಸ್ಯಗಾರನ ಹೆಂಡತಿಯ ಪಾರ್ಟು. ಅವನು ಮಾತು ಎಸೆಯುವುದು, ಇವಳು ಬೈಯುವುದು. ಜಯಶ್ರೀಯವರು ನಗೆಯ ಯಜಮಾನಿಕೆಯನ್ನೇ ತೆಗೆದುಕೊಂಡರು, ಆ ಭಾರವಾದ, ಬಿಚ್ಚು ದನಿಯಲ್ಲಿ ಹಾಡುತ್ತಲೇ ತೆಗೆದುಕೊಂಡರು. 1976ರಲ್ಲಿ ಅವರು ಕಟ್ಟಿದ ಸ್ಪಂದನ ತಂಡದ ರಂಗಗೀತೆಗಳನ್ನು ಕೇಳಿದಾಗ, ದನಿ ಮಧುರವಾಗಿರಲೇಬೇಕೆಂಬ ನಿಯಮ ಹಾಡುವ ನಟಿಗಿಲ್ಲ ಎಂಬ ಧೈರ್ಯ ನನಗೆ ಬಂತು. ಅದಕ್ಕೂ ಮೊದಲು, 1958ರಲ್ಲಿ, ಆರ್. ನಾಗರತ್ನಮ್ಮನವರು ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಎಲ್ಲ ಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದ್ದರು, ಸ್ವತಃ ಕಂಸನಾಗಿ ಗರ್ಜಿಸಿದ್ದರು. ದಾರಿ ನನಗಿಂತ ಬಹಳ ಮುಂಚೆಯೇ ತೆರೆದಿತ್ತು.

ಇನ್ನು ದನಿಯ ಆರೋಗ್ಯದ ಮಾತು. ಸ್ಕಿಟ್ ಮಾಡುವವಳು ಒಂದೇ ಸಂಜೆ ಮುದುಕಿ, ಮಗು, ಜಗಳಗಂಟಿ, ರಾಜಕಾರಣಿಯ ಹೆಂಡತಿ ಎಲ್ಲವೂ ಆಗುತ್ತಾಳೆ. ಮುದುಕಿಯ ದನಿ ಎಂದರೆ ಗಂಟಲು ಹಿಂಡುವುದು ಎಂದೇ ಹೆಚ್ಚಿನವರ ಅಭ್ಯಾಸ. ನಮ್ಮ ಕಂಪನಿಯ ಹಿರಿಯ ನಟಿಯೊಬ್ಬರು ಹಾಗೆ ಹಿಂಡಿ ಹಿಂಡಿ ಕೊನೆಗೆ ಮೇಲಿನ ಷಡ್ಜವನ್ನೇ ಕಳೆದುಕೊಂಡರು. ದನಿತಂತುಗಳ ಮೇಲೆ ಗಂಟು ಬೆಳೆದಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ನಾನು ಮುದುಕಿಯನ್ನು ಬಾಯಿಯ ಆಕಾರದಲ್ಲಿ, ಮೂಗಿನ ಅನುರಣನದಲ್ಲಿ, ಉಸಿರಿನ ಎಡವಟ್ಟಿನಲ್ಲಿ ಕಟ್ಟಿಕೊಂಡೆ. ಗಂಟಲು ಸಡಿಲವಾಗಿಯೇ ಇರುತ್ತದೆ. ಎರಡು ಆಟಗಳ ನಡುವೆ ಮೌನ ಒಳ್ಳೆಯದು, ಪಿಸುಮಾತು ಒಳ್ಳೆಯದಲ್ಲ. ಪಿಸುಮಾತೇ ದನಿಗೆ ವಿಶ್ರಾಂತಿ ಎಂದು ತಿಳಿದವರಿದ್ದಾರೆ, ಆದರೆ ಪಿಸುಗುಟ್ಟುವಾಗಲೂ ಗಂಟಲು ಬಿಗಿಯುತ್ತದೆ. ಬಿಸಿನೀರು, ಬಾಯಲ್ಲಿ ಜೇಷ್ಠಮಧುವಿನ ಚೂರು, ಬೇಕಾದಷ್ಟು ನಿದ್ದೆ. ದನಿ ಒಡೆದು ಎರಡು ವಾರದಲ್ಲಿ ಸರಿಹೋಗದಿದ್ದರೆ ಮನೆಮದ್ದು ಬಿಟ್ಟು ಕಿವಿ ಮೂಗು ಗಂಟಲಿನ ಡಾಕ್ಟರ ಬಳಿ ಹೋಗಿ.

ಕೈಲಾಸಂ ಅವರ ‘ಕೋಳೀಕೆ ರಂಗ’ವನ್ನು ಹಾಡಿದವರಿಗೆ ಇನ್ನೊಂದು ಗುಟ್ಟು ಗೊತ್ತಿರುತ್ತದೆ. ಕಾನ್‌ಸ್ಟಾಂಟಿನೋಪಲ್ ಎಂಬ ಇಂಗ್ಲಿಷ್ ಹಾಡಿನ ಧಾಟಿ ಹಿಡಿದು, ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿಸುತ್ತಾ ಓಡುವ ಹಾಡು ಅದು. ಅಂಥದ್ದನ್ನು ವೇಗದಲ್ಲೇ ಕಲಿಯಲು ಹೊರಟರೆ ನಾಲಗೆ ಎಂದಿಗೂ ಹತ್ತುವುದಿಲ್ಲ. ವಿಳಂಬದಲ್ಲಿ, ಪ್ರತಿ ಒತ್ತಕ್ಷರವೂ ಕೇಳುವ ಹಾಗೆ ಕಲಿತು, ಆಮೇಲೆ ಕಾಲ ಏರಿಸಬೇಕು. ಸ್ಪಷ್ಟ ಉಚ್ಚಾರಣೆ ಹಾಸ್ಯಕ್ಕೆ ಅಡ್ಡಿ ಎನ್ನುವವರು ಟಿವಿಯ ‘ಮಜಾ ಟಾಕೀಸ್’ನ ವರಲಕ್ಷ್ಮಿಯನ್ನು ನೆನೆಯಲಿ. ಆ ಪಾತ್ರ ಮಾಡಿದ ನಿರೂಪಕಿ ಅಪರ್ಣಾ ಹಾಡುವ ಕಲಾವಿದೆಯಾಗಿರಲಿಲ್ಲ. ಆದರೆ ದಶಕಗಳ ಕಾಲ ಕಾಪಾಡಿಕೊಂಡು ಬಂದ ಶುದ್ಧ ಕನ್ನಡದ ದನಿಯನ್ನು ಒಂದಿಷ್ಟೂ ಕೆಡಿಸದೆ ಇಡೀ ನಾಡನ್ನು ನಗಿಸಿದರು. 2024ರಲ್ಲಿ ಅವರು ತೀರಿಕೊಂಡಾಗ ನಾವು ಸ್ಕಿಟ್‌ನವರು ನಮ್ಮ ಮನೆಯವರನ್ನೇ ಕಳೆದುಕೊಂಡಂತೆ ಅತ್ತಿದ್ದೇವೆ.

ಟಿವಿಗೆ ಬಂದಾಗ ನನಗೆ ಕಷ್ಟವಾದದ್ದು ಟ್ರ್ಯಾಕು. ಪೇಟಿ ಮಾಸ್ತರರು ನಗೆಗಾಗಿ ಕಾಯುತ್ತಿದ್ದರು, ರೆಕಾರ್ಡ್ ಮಾಡಿದ ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಜನ ನಗುತ್ತಿರುವಾಗಲೇ ಮುಂದಿನ ಸಾಲು ಓಡಿಹೋಗುತ್ತದೆ. ನಾನು ಸಂಗೀತ ಜೋಡಿಸುವ ಹುಡುಗರ ಪಕ್ಕದಲ್ಲಿ ಕೂತು, ನಗೆ ಬರುವ ಜಾಗದಲ್ಲಿ ಎರಡು ಸುತ್ತು ಬರೀ ತಾಳ ಬಿಡಿಸಿಕೊಂಡೆ. ಸಾಧ್ಯವಾದಾಗ ಸೆಟ್ಟಿಗೆ ಹಾರ್ಮೋನಿಯಂ ತರಿಸಿ ಲೈವ್ ಹಾಡಿದೆ. ನೇರವಾಗಿ ಹಾಡಿದ ಸ್ಕಿಟ್ಟುಗಳಲ್ಲಿ ಎದುರು ಕೂತ ಜನರ ನಗೆಯೇ ಬೇರೆ. ಸಣ್ಣ ಮೈಕು ಬಟ್ಟೆಗೆ ಸಿಕ್ಕಿಸಿರುವಾಗ ಕಂಪನಿಯ ದನಿ ಜಾಸ್ತಿಯಾಗುತ್ತದೆ ಎಂಬುದನ್ನೂ ಅಲ್ಲಿ ತಿಳಿದೆ. ಕೊನೆಯ ಬೆಂಚಿಗೆ ಎಸೆಯುತ್ತಿದ್ದ ದನಿಯನ್ನು ಎದುರಿನ ಕುರ್ಚಿಗೆ ತಲುಪಿಸುವಷ್ಟಕ್ಕೆ ಇಳಿಸಬೇಕು, ಆದರೆ ಉಸಿರಿನ ಆಧಾರ ಅಷ್ಟೇ ಇರಬೇಕು.

ಸಿನಿಮಾದಲ್ಲಿ ನಮಗೆ ಜಾಗ ಕಿರಿದು, ಕಾರಣ ಹಿನ್ನೆಲೆ ಗಾಯನ. 1934ರ ‘ಸತಿ ಸುಲೋಚನ’ದ ಕಾಲದಲ್ಲಿ ಪಾತ್ರ ಮಾಡಿದವರೇ ಹಾಡುತ್ತಿದ್ದರು. ಹಾಡುವವರು ಬೇರೆ, ಕಾಣುವವರು ಬೇರೆ ಆದ ಮೇಲೆ ಹಾಡಬಲ್ಲ ಹಾಸ್ಯನಟಿಯ ಅರ್ಧ ವಿದ್ಯೆ ಕೆಲಸಕ್ಕೆ ಬಾರದಾಯಿತು. ರಂಗಭೂಮಿ ಮತ್ತು ಸ್ಕಿಟ್ ಮಾತ್ರ ಅವಳನ್ನು ಇಡಿಯಾಗಿ ಕೇಳುತ್ತವೆ.

ನನಗೆ ಸಿಟ್ಟು ಬರುವ ವಿಷಯವನ್ನೂ ಹೇಳುತ್ತೇನೆ. ಸ್ಕಿಟ್ ಬರೆಯುವವರಲ್ಲಿ ಅನೇಕರು ಹೆಣ್ಣಿನ ಪಾರ್ಟನ್ನು ಸೀರೆ ಉಟ್ಟ ಗಂಡಸಿಗೆ ಕೊಡುತ್ತಾರೆ, ಹೆಂಗಸರನ್ನು ಕರೆದರೆ ದಪ್ಪ, ಕಪ್ಪು, ವಯಸ್ಸು ಎಂದು ಮೈಯನ್ನೇ ಮಾತಾಗಿಸುತ್ತಾರೆ. ಕಂಪನಿಗಳಲ್ಲಿ ದ್ವಂದ್ವಾರ್ಥ ನುಗ್ಗಿ ಕುಟುಂಬದವರು ಟೆಂಟಿಗೆ ಬರುವುದು ಕಡಿಮೆಯಾದದ್ದನ್ನು ನಾನು ನೋಡಿದ್ದೇನೆ. ಅಂಥ ಮಾತು ಬಂದಾಗಲೆಲ್ಲ ಆ ಜಾಗದಲ್ಲಿ ಹಾಡು ಇಡಿ ಎಂದು ಕೇಳಿದ್ದೇನೆ. ಕೆಲವರು ಒಪ್ಪಿದರು, ಕೆಲವರು ಪಾರ್ಟನ್ನೇ ಬೇರೆಯವರಿಗೆ ಕೊಟ್ಟರು. ಒಪ್ಪಿದ ಕಡೆ ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರು ಕೂತು ನಕ್ಕಿದ್ದಾರೆ. ‘ಒಡಲಾಳ’ ನಾಟಕದ ಸಾಕವ್ವನಾಗಿ ನಿಂತ ಉಮಾಶ್ರೀ ಅವರನ್ನೂ ಸಿನಿಮಾ ಬಹುಕಾಲ ಹಾಸ್ಯದ ಚಿಕ್ಕ ಚೌಕಟ್ಟಿನಲ್ಲೇ ಕೂರಿಸಿತ್ತು. ‘ಗುಲಾಬಿ ಟಾಕೀಸ್’ಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಹಾಸ್ಯದ ಹೆಂಗಸರೆಲ್ಲರ ಎದೆ ಉಬ್ಬಿತು.

ವಯಸ್ಸಾದಂತೆ ನನ್ನ ಶ್ರುತಿ ಕಪ್ಪು ನಾಲ್ಕರಿಂದ ಕಪ್ಪು ಮೂರಕ್ಕೆ ಇಳಿದಿದೆ. ಅದರಿಂದ ಪಾತ್ರಗಳು ಕಡಿಮೆಯಾಗಿಲ್ಲ. ತಗ್ಗಿನ ದನಿಯಲ್ಲಿ ಅಜ್ಜಿ, ಊರ ಹಿರಿಯಳು, ದೇವಿ ಮೈಮೇಲೆ ಬಂದವಳು ಇನ್ನೂ ಗಟ್ಟಿಯಾಗಿ ಬರುತ್ತಾರೆ. ಮೈಯ ಚುರುಕನ್ನು ನಂಬಿದ ನನ್ನ ಜೊತೆಯವರು ಎಷ್ಟೋ ಮಂದಿ ಮನೆ ಸೇರಿದರು. ನನ್ನನ್ನು ಹಳ್ಳಿಯ ನಾಟಕಗಳಿಗೆ ಈಗಲೂ ಕರೆಸುತ್ತಾರೆ, ಆಯೇರಿಯ ಕಾಣಿಕೆ ಹಾಕುವ ಮೊದಲು ಹಾಡು ಕೇಳುತ್ತಾರೆ.

ಈಗ ಓದುಗರಲ್ಲಿ ಒಂದು ಬೇಡಿಕೆ. ಕಂಪನಿ ನಾಟಕಗಳ ಅಚ್ಚಾದ ಪುಸ್ತಕಗಳಲ್ಲಿ ಹೀರೋ, ಹೀರೋಯಿನ್ ಹಾಡುಗಳು ಸಿಗುತ್ತವೆ. ಪರದೆಯ ಮುಂದೆ ನಾವು ಹಾಡಿದ ಹಾಡುಗಳಲ್ಲಿ ಬಹುಪಾಲು ಅಚ್ಚಾಗಲಿಲ್ಲ, ಊರಿಂದೂರಿಗೆ ಚರಣ ಬದಲಾಗುತ್ತಿದ್ದುದರಿಂದ ಯಾರೂ ಬರೆದಿಡಲೂ ಇಲ್ಲ. ಅವು ಉಳಿದಿರುವುದು ಇಳಕಲ್ಲು, ಗುಳೇದಗುಡ್ಡ, ಗದಗ, ಹುಬ್ಬಳ್ಳಿಯ ಮನೆಗಳಲ್ಲಿ ಕೂತಿರುವ ಹಿರಿಯ ನಟಿಯರ ನೆನಪಿನಲ್ಲಿ. ನಿಮ್ಮ ಓಣಿಯಲ್ಲಿ ಅಂಥ ಅಜ್ಜಿಯೊಬ್ಬರು ಇದ್ದರೆ ಈ ವಾರವೇ ಹೋಗಿ ಹಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ನಾಟಕ, ಯಾವ ಧಾಟಿ, ಯಾವ ಮನೆಯ ಶ್ರುತಿ, ಪೇಟಿ ನುಡಿಸಿದವರು ಯಾರು ಎಂಬುದನ್ನೂ ಕೇಳಿ ಬರೆದುಕೊಳ್ಳಿ, ಹಾಡಿದವರ ಹೆಸರನ್ನು ಮೊದಲು ಬರೆಯಿರಿ.