‘ಸಾಹೇಬರು ಹೇಳಿದ್ರು, ಬರೆದೆ’ ಅಂದರೆ ಸಾಲದು

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಕಾಲದ ಮಾತು. ಮಾರ್ಚ್ ಕೊನೆಯ ವಾರ ಪ್ಯಾಕಿಂಗ್ ಸಾಮಾನು ಪೂರೈಸುವವರೊಬ್ಬರ ಬಿಲ್ಲುಗಳನ್ನು ಫೈಲಿಗೆ ಹಾಕುತ್ತಿದ್ದೆ. ಜನವರಿಯ ಬಿಲ್ ನಂಬರ್ 41, ಫೆಬ್ರುವರಿಯದು 42, ಮಾರ್ಚಿನದು 43. ಮೂರು ತಿಂಗಳಲ್ಲಿ ಆ ವ್ಯಾಪಾರಿಗೆ ನಮ್ಮನ್ನು ಬಿಟ್ಟು ಇನ್ನೊಬ್ಬ ಗಿರಾಕಿಯೇ ಸಿಗಲಿಲ್ಲವೇ? ಬಿಲ್ಲಿನ ಮೇಲೆ ಒಂದು ಮಡಿಕೆಯ ಗುರುತೂ ಇಲ್ಲ. ಲಾರಿ ಡ್ರೈವರನ ಜೇಬಿನಲ್ಲಿ ಬಂದ ಕಾಗದ ಅಷ್ಟು ಗರಿಗರಿಯಾಗಿರುವುದಿಲ್ಲ. ಗೇಟ್ ರಿಜಿಸ್ಟರ್ ತರಿಸಿ ನೋಡಿದೆ. ಆ ತಾರೀಖುಗಳಲ್ಲಿ ಅಂಥ ಮಾಲು ಒಳಗೇ ಬಂದಿಲ್ಲ. ಮೇಲಿನವರನ್ನು ಕೇಳಿದರೆ, “ಎಂಟ್ರಿ ಹಾಕಪ್ಪ, ಆಮೇಲೆ ನೋಡೋಣ” ಅಂದರು. ಹಾಕಿದೆ. ಮುಂದೆ ನನ್ನನ್ನು ಯಾರೂ ಕೇಳಲಿಲ್ಲ, ಅದು ನನ್ನ ಪುಣ್ಯ.

ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ. ಲೆಕ್ಕ ತಿದ್ದುವ ಅಪರಾಧ ಮೊದಲು ಐಪಿಸಿಯ 477ಎ ಕಲಮಿನಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 344ರಲ್ಲಿದೆ. ಗುಮಾಸ್ತ, ಅಧಿಕಾರಿ ಅಥವಾ ನೌಕರ ಮೋಸದ ಉದ್ದೇಶದಿಂದ ಲೆಕ್ಕ ತಿದ್ದಿದರೆ 7 ವರ್ಷದವರೆಗೆ ಜೈಲು. ಗುಮಾಸ್ತನ ಹೆಸರೇ ಮೊದಲಿದೆ, ಗಮನಿಸಿ. ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಪುಸ್ತಕದಲ್ಲಿರುವ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದು ಹೇಳಿದ 10 ಜನರಲ್ಲಿ ಮಾಲೀಕರ ಮನೆಯವರಷ್ಟೇ ಅಲ್ಲ, ಆಡಿಟರ್‌ಗಳೂ ಕಂಪನಿಯ ನೌಕರರೂ ಇದ್ದರು.

ಹಾಗಾದರೆ ನಿಮ್ಮ ಮೇಜಿನ ಮೇಲೆ ಅಂಥ ಬಿಲ್ ಬಂದಾಗ ಏನು ಮಾಡಬೇಕು?

ಮೊದಲು ಅನುಮಾನವನ್ನು ಪರೀಕ್ಷಿಸಿ

ನನ್ನ ಕಾಲದಲ್ಲಿ ಗೇಟ್ ರಿಜಿಸ್ಟರ್ ಬಿಟ್ಟರೆ ದಾರಿ ಇರಲಿಲ್ಲ. ಈಗ ಅರ್ಧ ಕೆಲಸ ಫೋನಿನಲ್ಲೇ ಆಗುತ್ತದೆ. ಬಿಲ್ಲಿನ ಮೇಲಿರುವ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಿ. ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಅವರ ಪ್ಯಾನ್. ನೋಂದಣಿ ರದ್ದಾಗಿದೆಯೇ, ವಿಳಾಸ ಯಾವುದು ಎಲ್ಲವೂ ಕಾಣುತ್ತದೆ. ಇ-ವೇ ಬಿಲ್‌ನಲ್ಲಿರುವ ವಾಹನದ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ತೂರಿಸಿ. ಎಂಟು ಟನ್ ಕಬ್ಬಿಣ ಹೊತ್ತು ತಂದದ್ದು ಸ್ಕೂಟರ್ ಎಂದು ಬಂದರೆ ಮತ್ತೇನೂ ಕೇಳಬೇಕಿಲ್ಲ. ಪೂರೈಕೆದಾರ ಕಂಪನಿಯಾಗಿದ್ದರೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ನಿರ್ದೇಶಕರ ಹೆಸರು ಸಿಗುತ್ತದೆ. ನಿಮ್ಮ ಪರ್ಚೇಸ್ ಮ್ಯಾನೇಜರ್ ಮನೆಯವರ ಹೆಸರು ಅಲ್ಲಿ ಕಂಡರೆ ಅಚ್ಚರಿಪಡಬೇಡಿ.

ಎಷ್ಟೋ ಸಲ ಅನುಮಾನ ಸುಳ್ಳಾಗುತ್ತದೆ. ಮಾಲು ನೇರ ಗಿರಾಕಿಯ ಗೋದಾಮಿಗೆ ಹೋಗಿರಬಹುದು. ಇದನ್ನೆಲ್ಲ ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಿ.

ಬಾಯಿಮಾತು ಬೇಡ, ಇಮೇಲ್ ಇರಲಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ, ಎಲ್ಲರೂ ಹಾರಿಸುವುದೂ ಇದನ್ನೇ. “ಎಂಟ್ರಿ ಹಾಕು” ಎಂದವರಿಗೆ ಅಂದೇ ಆಫೀಸಿನ ಮೇಲ್‌ನಿಂದ ಎರಡು ಸಾಲು ಬರೆಯಿರಿ: “ಬಿಲ್ ನಂ. 43ಕ್ಕೆ ಸಂಬಂಧಿಸಿ ಗೇಟ್ ರಿಜಿಸ್ಟರ್‌ನಲ್ಲಿ ಮಾಲು ಬಂದ ನಮೂದಿಲ್ಲ. ಎಂಟ್ರಿ ಹಾಕುವ ಮುನ್ನ ಸ್ಪಷ್ಟನೆ ಬೇಕು.” ದೂರಿನ ಧಾಟಿ ಬೇಡ, ಪ್ರಶ್ನೆಯ ಧಾಟಿ ಸಾಕು. ಉತ್ತರ ಬಾರದಿದ್ದರೂ ನೀವು ಕೇಳಿದ್ದು ಉಳಿಯುತ್ತದೆ. ಫೋನಿನಲ್ಲಿ ಉತ್ತರ ಬಂದರೆ, “ತಾವು ಫೋನಿನಲ್ಲಿ ಹೀಗೆ ಹೇಳಿದಿರಿ” ಎಂದು ಮತ್ತೊಂದು ಮೇಲ್. ಹಳೆ ತಾರೀಖು ಹಾಕಿ ಎಂಟ್ರಿ ತಿದ್ದಲು ಹೇಳಿದರೆ ಇನ್ನೊಂದು ಮಾತು ನೆನಪಿರಲಿ: 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ತಾರೀಖಿನ ಸಮೇತ ದಾಖಲಾಗಬೇಕೆಂಬ ನಿಯಮವಿದೆ. ಯಾರ ಲಾಗಿನ್‌ನಿಂದ ತಿದ್ದಿದ್ದು ಎಂದು ಹುಡುಕುವಾಗ ಸಿಗುವುದು ನಿಮ್ಮ ಲಾಗಿನ್, ಸಾಹೇಬರದ್ದಲ್ಲ. ಪಾಸ್‌ವರ್ಡ್ ಹಂಚಿಕೊಳ್ಳುವ ಚಾಳಿ ಇದ್ದರೆ ಇಂದೇ ಬಿಡಿ.

ಕಂಪನಿಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಬರಬೇಡಿ, ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಆಮೇಲೆ ಕಳ್ಳನೆಂದು ನಿಮ್ಮ ಮೇಲೆಯೇ ದೂರು ಬೀಳುತ್ತದೆ. ವೋಚರ್ ನಂಬರ್, ತಾರೀಖು, ಮೊತ್ತ ಇಷ್ಟನ್ನು ಬರೆದಿಟ್ಟುಕೊಂಡರೆ ತನಿಖೆಯವರಿಗೆ ದಾರಿ ಸಿಗುತ್ತದೆ.

ಮನೆಯೊಳಗಿನ ಬಾಗಿಲು

2013ರ ಕಂಪನಿ ಕಾಯ್ದೆಯ 177ನೇ ಕಲಮಿನಂತೆ ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವವು ಮತ್ತು ಬ್ಯಾಂಕ್ ಹಾಗೂ ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಎತ್ತಿರುವವು ನೌಕರರ ದೂರಿಗೆ ಪ್ರತ್ಯೇಕ ವ್ಯವಸ್ಥೆ ಇಡಲೇಬೇಕು. ‘ವಿಸಲ್ ಬ್ಲೋವರ್ ಪಾಲಿಸಿ’ ಎಂಬ ಹೆಸರಿನಲ್ಲಿ ಕಂಪನಿಯ ಜಾಲತಾಣದಲ್ಲಿ ಅದು ಇರುತ್ತದೆ. ತಕರಾರು ದೊಡ್ಡವರ ಮೇಲೇ ಇದ್ದರೆ ಆಡಿಟ್ ಸಮಿತಿಯ ಅಧ್ಯಕ್ಷರಿಗೆ ನೇರವಾಗಿ ಬರೆಯಲು ಅವಕಾಶವಿದೆ. ಹೊರಗಿನ ಆಡಿಟರ್‌ಗೂ ತಿಳಿಸಬಹುದು. 1 ಕೋಟಿ ಅಥವಾ ಅದಕ್ಕೂ ಮೇಲ್ಪಟ್ಟ ವಂಚನೆ ನಡೆದಿದೆ ಎಂದು ನಂಬಲು ಕಾರಣ ಸಿಕ್ಕರೆ ಆಡಿಟರ್ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು.

ಪತ್ರದಲ್ಲಿ ಕಂಡದ್ದನ್ನಷ್ಟೇ ಬರೆಯಿರಿ, ಊಹಿಸಿದ್ದನ್ನು ಬೇಡ. 2019ರಲ್ಲಿ ಇನ್ಫೊಸಿಸ್ ಆಡಳಿತದ ವಿರುದ್ಧ ನೌಕರರ ಹೆಸರಿನ ಅನಾಮಧೇಯ ಪತ್ರ ಬಯಲಾದಾಗ ಒಂದೇ ದಿನ ಷೇರು ಸುಮಾರು ಶೇ 16ರಷ್ಟು ಕುಸಿಯಿತು. 2020ರ ಜನವರಿಯಲ್ಲಿ ಆಡಿಟ್ ಸಮಿತಿ, ತನಿಖೆಯಲ್ಲಿ ಆರೋಪಕ್ಕೆ ಪುರಾವೆ ಸಿಗಲಿಲ್ಲ ಎಂದಿತು.

ಹೊರಗಿನ ಬಾಗಿಲುಗಳು

ಒಳಗೆ ಕೇಳುವವರಿಲ್ಲದಿದ್ದರೆ ಕಂಪನಿಗಳ ರಿಜಿಸ್ಟ್ರಾರ್ ಇದ್ದಾರೆ. ಬೆಂಗಳೂರಿನಲ್ಲಿ ಅವರ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ದೂರನ್ನು ಸಚಿವಾಲಯದ ಜಾಲತಾಣದಲ್ಲೂ ಸಲ್ಲಿಸಬಹುದು. ಕಂಪನಿ ಕಾಯ್ದೆಯ 447ನೇ ಕಲಮಿನಡಿ ದೊಡ್ಡ ವಂಚನೆಗೆ 6 ತಿಂಗಳಿನಿಂದ 10 ವರ್ಷದವರೆಗೆ ಜೈಲು, ಮೋಸದ ಮೊತ್ತದ ಮೂರು ಪಟ್ಟಿನವರೆಗೆ ದಂಡ. ಆದರೆ ಠಾಣೆಗೆ ಹೋಗಿ 447 ಹಾಕಿ ಎಂದು ಹಟ ಹಿಡಿಯಬೇಡಿ. ಆ ಕಲಮಿನಲ್ಲಿ ನ್ಯಾಯಾಲಯಕ್ಕೆ ದೂರು ಕೊಡಬೇಕಾದವರು ಗಂಭೀರ ವಂಚನೆ ತನಿಖಾ ಕಚೇರಿಯ ನಿರ್ದೇಶಕರು ಇಲ್ಲವೇ ಕೇಂದ್ರ ಸರ್ಕಾರ ನೇಮಿಸಿದ ಅಧಿಕಾರಿ. ಪೊಲೀಸರು ನಂಬಿಕೆದ್ರೋಹ, ವಂಚನೆ, ಫೋರ್ಜರಿ ಕಲಮುಗಳಡಿ ಪ್ರಕರಣ ದಾಖಲಿಸಬಹುದು.

ಒಳಗಿನ ಗುಟ್ಟು ತಿಳಿದು ಷೇರು ಮಾರುವುದು, ಕೊಳ್ಳುವುದು ಕಂಡರೆ ಷೇರುಪೇಟೆಯ ನಿಯಂತ್ರಕ ಸೆಬಿಗೆ ಬರೆಯಿರಿ. ವಕೀಲರ ಮೂಲಕ ಹೆಸರು ಮುಚ್ಚಿಟ್ಟೂ ಮಾಹಿತಿ ಕೊಡಬಹುದು. ಹಣ ವಸೂಲಾದರೆ ಅದರ ಶೇ 10, ಗರಿಷ್ಠ 10 ಕೋಟಿಯವರೆಗೆ ಬಹುಮಾನ ಉಂಟು.

ಲಂಚದ ವಿಷಯ ಬೇರೆ. ‘ಇತರೆ ಖರ್ಚು’ ಎಂದು ಬರೆಸುವ ಲಕೋಟೆ ನಿಮ್ಮ ಕೈಯಿಂದಲೇ ಹೋದರೆ, ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ಅದಕ್ಕೆ ಕರ್ನಾಟಕದಲ್ಲಿ ಲೋಕಾಯುಕ್ತ ಪೊಲೀಸರಿದ್ದಾರೆ.

ಕೆಲಸ ಉಳಿಯುತ್ತದೆಯೇ? ಸುಳ್ಳು ಹೇಳಲಾರೆ, ಖಾತರಿ ಇಲ್ಲ. 2014ರ ವಿಸಲ್ ಬ್ಲೋವರ್ ರಕ್ಷಣಾ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದರೂ ಸರ್ಕಾರ ಜಾರಿಗೆ ತಂದಿಲ್ಲ. ತಂದರೂ ಅದು ಸರ್ಕಾರಿ ನೌಕರರ ವಿರುದ್ಧದ ದೂರಿಗೆ ಮಾತ್ರ. ಖಾಸಗಿ ಕಂಪನಿಯ ಗುಮಾಸ್ತನಿಗೆ ಅದರಲ್ಲಿ ನೆರಳಿಲ್ಲ. ಅದಕ್ಕೇ ಹೊರಗಿನ ಬಾಗಿಲು ತಟ್ಟುವ ಮುನ್ನ ವಕೀಲರನ್ನು ಕಾಣಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಅದಕ್ಕೂ ಮೊದಲು, ಮುಂದಿನ ವೋಚರ್‌ಗೆ ಸಹಿ ಹಾಕುವಾಗ ಗೇಟ್ ರಿಜಿಸ್ಟರ್ ಒಮ್ಮೆ ತರಿಸಿ ನೋಡಿ.