ಹೊಲದ ದಾರಿ ಬಾಳಬೇಕಾದರೆ

ಬೆಳೆದ ಬೆಳೆ ಪೇಟೆ ಮುಟ್ಟಿದಾಗಲೇ ರೈತನ ದುಡಿಮೆಗೆ ಬೆಲೆ. ಬೀಜ, ಗೊಬ್ಬರ, ನೀರು, ಸಸ್ಯ ಸಂರಕ್ಷಣೆ ಇವುಗಳಿಗೆ ಕೊಡುವಷ್ಟು ಗಮನವನ್ನು ನಾವು ಹೊಲದ ದಾರಿಗೆ ಕೊಡುವುದಿಲ್ಲ. ದೊಡ್ಡ ಊರುಗಳಿಗೆ ಈಗ ಬಹುಮಟ್ಟಿಗೆ ಡಾಂಬರು ರಸ್ತೆ ಬಂದಿದೆ. ಆದರೆ ಬೆಳಗಾವಿ ಕಡೆಯ ತೋಟದ ವಸತಿಗಳು, ವಿಜಯಪುರ, ಕಲಬುರಗಿ ಜಿಲ್ಲೆಗಳ ತಾಂಡಾಗಳು, ಚಿತ್ರದುರ್ಗ, ತುಮಕೂರು ಕಡೆಯ ಹಟ್ಟಿಗಳು, ಮಲೆನಾಡಿನ ಒಂಟಿ ಮನೆಗಳು ಇವುಗಳಲ್ಲಿ ಅನೇಕಕ್ಕೆ ಕೊನೆಯ ಒಂದೆರಡು ಕಿಲೋಮೀಟರು ಇಂದಿಗೂ ಮಣ್ಣಿನ ದಾರಿಯೇ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು.

ದಾರಿಯಿಲ್ಲದ ನಷ್ಟ

ಕಡಿದ ಕಬ್ಬನ್ನು 24 ಗಂಟೆಗಳೊಳಗೆ ಅರೆದರೆ ಒಳ್ಳೆಯದು. ಗಾಡಿ ಹೊಲದಲ್ಲೇ ಹೂತು ನಿಂತರೆ ಕಬ್ಬಿನ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಹಾಲನ್ನು ದಿನಕ್ಕೆ ಎರಡು ಬಾರಿ ಸಂಘಕ್ಕೆ ಮುಟ್ಟಿಸಬೇಕು. ತಡವಾದ ಹಾಲು ಹುಳಿಯುತ್ತದೆ. ಟೊಮ್ಯಾಟೊ, ಬಾಳೆ, ಪಪ್ಪಾಯಿ ಕುಲುಕಾಟಕ್ಕೆ ಜಜ್ಜಿಹೋಗಿ ಪೇಟೆಯಲ್ಲಿ ಎರಡನೆಯ ದರ್ಜೆಗೆ ಇಳಿಯುತ್ತವೆ. ಕೆಸರಿಗೆ ಹೆದರಿ ವ್ಯಾಪಾರಿ ಹೊಲದವರೆಗೆ ಬಾರದಿದ್ದರೆ ಅವನು ಹೇಳಿದ್ದೇ ಬೆಲೆ. ಇವೆಲ್ಲಕ್ಕೂ ಮಿಗಿಲಾದುದು ಜೀವದ ಪ್ರಶ್ನೆ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು, ಹಾವು ಕಚ್ಚಿದ ಕೂಲಿಯಾಳನ್ನು ಹೊತ್ತು ನಡೆಯಬೇಕಾದ ಕಡೆ ಒಂದು ಗಂಟೆಯ ತಡವೂ ದೊಡ್ಡದು.

ಸರ್ಕಾರದ ರಸ್ತೆ ಎಲ್ಲಿಯವರೆಗೆ?

1943ರ ನಾಗಪುರ ಯೋಜನೆ ರಸ್ತೆಗಳನ್ನು ವರ್ಗೀಕರಿಸಿದಾಗ ಹಳ್ಳಿಯ ರಸ್ತೆಗೂ ಒಂದು ಸ್ಥಾನ ಕೊಟ್ಟಿತು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು, 2001ರ ಜನಗಣತಿಯಂತೆ, ಬಯಲು ಪ್ರದೇಶದಲ್ಲಿ 500 ಮತ್ತು ಅದಕ್ಕೂ ಹೆಚ್ಚು ಜನರಿರುವ ವಸತಿಗಳಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿರುವ ವಸತಿಗಳಿಗೆ ಸರ್ವಋತು ರಸ್ತೆ ಕೊಡುವ ಗುರಿ ಇಟ್ಟುಕೊಂಡಿತು. 2024ರಲ್ಲಿ ಒಪ್ಪಿಗೆ ಪಡೆದ ನಾಲ್ಕನೆಯ ಹಂತಕ್ಕೆ 2011ರ ಜನಗಣತಿ ಆಧಾರ. ಹತ್ತಿಪ್ಪತ್ತು ಮನೆಗಳ ವಸತಿ ಈ ಲೆಕ್ಕದೊಳಗೆ ಬರುವುದು ಕಷ್ಟ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಅನೇಕ ಗ್ರಾಮ ಪಂಚಾಯಿತಿಗಳು ಹೊಲದ ದಾರಿಗಳನ್ನು ಮಾಡಿಸಿದವು. ಹಣ ಯಾವ ಬಾಬಿನಿಂದ ಬಂದರೂ ದಾರಿ ಬಾಳುವುದೂ ಹಾಳಾಗುವುದೂ ಒಂದೇ ಕಾರಣದಿಂದ. ಆ ಕಾರಣ ನೀರು. ಆದ್ದರಿಂದ ಡಾಂಬರಿಗೆ ಮೊದಲು ಚರಂಡಿ ಎಂಬುದನ್ನು ರೈತ ಬಾಂಧವರು ನೆನಪಿನಲ್ಲಿಡಬೇಕು.

ಮೊದಲು ಜಾಗದ ಇತ್ಯರ್ಥ

ತಾಲ್ಲೂಕಿನ ಭೂಮಾಪನ ಕಚೇರಿಯಿಂದ ಗ್ರಾಮ ನಕಾಶೆ ಪಡೆದು ಬಂಡಿ ದಾರಿ, ಕಾಲು ದಾರಿಗಳನ್ನು ಗುರುತಿಸಿಕೊಳ್ಳಿ. ನಕಾಶೆಯಲ್ಲಿರುವ ದಾರಿ ಒತ್ತುವರಿಯಾಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಕಾಶೆಯಲ್ಲಿ ಇಲ್ಲದಿದ್ದರೆ ಎರಡೂ ಬದಿಯ ಹಿಡುವಳಿದಾರರು ಸಮನಾಗಿ ಜಾಗ ಬಿಡುವುದು ನ್ಯಾಯ. ಬಾಯಿಮಾತಿನ ಒಪ್ಪಿಗೆ ಮಗನ ಕಾಲಕ್ಕೆ ಜಗಳವಾಗುತ್ತದೆ. ಬರಹದಲ್ಲಿ ಮಾಡಿಸಿ ಪಂಚಾಯಿತಿಗೆ ಸಲ್ಲಿಸಬೇಕು.

ದಾರಿಯನ್ನು ಆದಷ್ಟು ದಿಣ್ಣೆಯ ಮೇಲೆ ಒಯ್ಯಿರಿ. ತಗ್ಗಿನಲ್ಲಿ ಹೋಗುವ ದಾರಿ ಮಳೆಗಾಲದಲ್ಲಿ ಹಳ್ಳವಾಗುತ್ತದೆ. ಏರು 20 ಅಡಿಗೆ 1 ಅಡಿಗಿಂತ ಕಡಿದಾಗಿರಬಾರದು. ಕಡಿದಾದ ಕಡೆ ಸ್ವಲ್ಪ ಬಳಸಿ ಹೋದರೂ ಚಿಂತೆಯಿಲ್ಲ.

ಮಣ್ಣಿನ ಗುಣ ತಿಳಿಯಿರಿ

*ಎರೆ ಮಣ್ಣು:* ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಮಣ್ಣಿದು. ಇದರ ಮೇಲೆ ನೇರವಾಗಿ ಕಲ್ಲು ಹಾಕಿದರೆ ಒಂದೆರಡು ಮಳೆಗಾಲಗಳಲ್ಲಿ ಕಲ್ಲು ಕೆಳಗೆ, ಮಣ್ಣು ಮೇಲೆ. ಮೊದಲು ದಾರಿಯ ಪಾತಳಿಯನ್ನು ಅಕ್ಕಪಕ್ಕದ ಹೊಲಕ್ಕಿಂತ ಕನಿಷ್ಠ ಒಂದು ಅಡಿ ಎತ್ತರಿಸಬೇಕು. ಬಳಿಕ ಮರಳು ಇಲ್ಲವೆ ಸಣ್ಣ ಗರಸಿನ ಪದರವನ್ನು 10 ಸೆಂ.ಮೀ. ಹಾಕಿ, ಅದರ ಮೇಲೆ ದಪ್ಪ ಗರಸು ಹಾಸಬೇಕು. ಸುಣ್ಣ ಬೆರೆಸಿದರೂ ಉಬ್ಬುವ ಗುಣ ತಗ್ಗುತ್ತದೆ. ಪ್ರಮಾಣವನ್ನು ಮಣ್ಣು ಪರೀಕ್ಷೆ ಮಾಡಿಸಿ ಎಂಜಿನಿಯರರಿಂದ ಕೇಳಿ ತಿಳಿಯುವುದು ಸೂಕ್ತ.

*ಕೆಂಪು ಮಣ್ಣು:* ಭಾರ ತಡೆಯುತ್ತದೆ, ಆದರೆ ಇಳಿಜಾರಿನಲ್ಲಿ ಕೊಚ್ಚಿಹೋಗುತ್ತದೆ. ಗಾಡಿಯ ಜಾಡಿನಲ್ಲಿ ನೀರು ಹರಿಯಲು ಬಿಟ್ಟರೆ ಜಾಡೇ ಕೊರಕಲಾಗುತ್ತದೆ.

*ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು:* ದಾರಿಗೆ ಒಳ್ಳೆಯದೇ. ಆದರೆ ಮಳೆಯ ರಭಸ ಹೆಚ್ಚು. ಇಳಿಜಾರಿನ ಚರಂಡಿಗೆ ಕಲ್ಲು ಹಾಸದಿದ್ದರೆ ಉಳಿಯದು.

ದಾರಿಯ ಆಕಾರ

ಗಾಡಿ ಓಡುವ ಭಾಗ 3.75 ಮೀಟರು, ಅಂದರೆ ಸುಮಾರು 12 ಅಡಿ ಇದ್ದರೆ ಟ್ರ್ಯಾಕ್ಟರ್ ಸಲೀಸಾಗಿ ಹೋಗುತ್ತದೆ. ಜಾಗವಿದ್ದರೆ ಎರಡೂ ಬದಿಗೆ ಒಂದೊಂದು ಮೀಟರು ಅಂಚು ಬಿಡಿ. ದಾರಿಯ ನಡುಭಾಗ ಆಮೆಯ ಬೆನ್ನಿನಂತೆ ಉಬ್ಬಿರಬೇಕು. ಮಣ್ಣಿನ ದಾರಿಯಾದರೆ ನಡುಭಾಗ ಅಂಚಿಗಿಂತ 9ರಿಂದ 10 ಸೆಂ.ಮೀ., ಗರಸಿನ ದಾರಿಯಾದರೆ 7ರಿಂದ 8 ಸೆಂ.ಮೀ. ಎತ್ತರವಿರಲಿ. ಅಡ್ಡಲಾಗಿ ದಾರ ಕಟ್ಟಿ ಅಳೆದು ನೋಡಿದರೆ ಸಾಕು.

ಚರಂಡಿ ಮತ್ತು ಮೋರಿ

1. ಎರಡೂ ಬದಿಗೆ ಚರಂಡಿ ತೆಗೆಯಬೇಕು. ಚರಂಡಿಯ ತಳ ದಾರಿಯ ಪಾತಳಿಗಿಂತ ಕೆಳಗಿರಬೇಕು. ತೆಗೆದ ಮಣ್ಣು ಚೊಕ್ಕವಾಗಿದ್ದರೆ ದಾರಿಯನ್ನು ಎತ್ತರಿಸಲು ಬಳಸಿ.

2. ಚರಂಡಿಯ ನೀರನ್ನು ಉದ್ದಕ್ಕೂ ಓಡಿಸಬಾರದು. ಅಲ್ಲಲ್ಲಿ ಕವಲು ತೆಗೆದು ಹೊರಗೆ ಬಿಡಬೇಕು. ಹಿಡುವಳಿದಾರರು ಒಪ್ಪಿದರೆ ಈ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸಬಹುದು. ಆಗ ದಾರಿಯೂ ಉಳಿಯುತ್ತದೆ, ಬೆಳೆಗೂ ನೀರಾಗುತ್ತದೆ.

3. ನೀರು ದಾರಿಯನ್ನು ದಾಟುವ ಕಡೆಯಲ್ಲೆಲ್ಲ ಮೋರಿ ಬೇಕು. ಕೊಳವೆಯ ಅಡ್ಡಳತೆ 60 ಸೆಂ.ಮೀ.ಗಿಂತ ಕಡಿಮೆ ಬೇಡ. ಸಣ್ಣ ಕೊಳವೆ ಕಟ್ಟಿಕೊಂಡರೆ ಹೂಳು ತೆಗೆಯಲಾಗದು. ಕೊಳವೆಯ ಮೇಲೆ 60 ಸೆಂ.ಮೀ. ಮಣ್ಣಿನ ಹೊದಿಕೆ ಇರಲಿ.

4. ವರ್ಷದಲ್ಲಿ ಕೆಲವೇ ದಿನ ಹರಿಯುವ ಅಗಲವಾದ ಹಳ್ಳಕ್ಕೆ ದುಬಾರಿ ಸೇತುವೆಯ ಬದಲು ಕಲ್ಲು ಅಥವಾ ಕಾಂಕ್ರೀಟು ಹಾಸಿನ ತಗ್ಗು ದಾಟು ಸಾಕಾಗಬಹುದು. ನೀರು ಹರಿಯುವಾಗ ಮಾತ್ರ ಅದನ್ನು ದಾಟುವ ಸಾಹಸ ಯಾರೂ ಮಾಡಬಾರದು.

5. ಮೋರಿಯಿಲ್ಲದೆ ತಗ್ಗಿಗೆ ಅಡ್ಡವಾಗಿ ಮಣ್ಣು ಏರಿಸಿದರೆ ದಾರಿ ಏರಿಯಾಗಿ, ಮೇಲಿನವರ ಹೊಲ ಕೆರೆಯಾಗುತ್ತದೆ. ದಾರಿಯ ಜಗಳಗಳಲ್ಲಿ ಹಲವು ಇಲ್ಲಿಂದಲೇ ಹುಟ್ಟುತ್ತವೆ.

ಗರಸು ಹಾಸುವ ಕ್ರಮ

ಬರಿ ಕಲ್ಲಿನ ಗರಸು ಬಿಸಿಲಿಗೆ ಸಡಿಲವಾಗಿ ಚದರುತ್ತದೆ. ಜೇಡಿ ಹೆಚ್ಚಾದ ಗರಸು ಮಳೆಗೆ ಜಾರುತ್ತದೆ. ಕಲ್ಲು, ಮರಳು ಮತ್ತು ಹಿಡಿದಿಡುವಷ್ಟು ಜೇಡಿ ಇರುವುದು ಉತ್ತಮ. ಒಂದು ಸಲಕ್ಕೆ 15 ಸೆಂ.ಮೀ.ಗಿಂತ ದಪ್ಪ ಹಾಸಬೇಡಿ. ನೀರು ಚಿಮುಕಿಸಿ ರೋಲರ್ ಹೊಡೆಯಬೇಕು. ಹದ ತಿಳಿಯಲು ಒಂದು ಹಿಡಿ ಗರಸಿನ ಸಣ್ಣ ಪುಡಿಯನ್ನು ಅಂಗೈಯಲ್ಲಿ ಅಮುಕಿ ನೋಡಿ. ಉಂಡೆ ಕಟ್ಟಿ, ಕೈಗೆ ನೀರು ಅಂಟದಿದ್ದರೆ ಹದ ಸರಿ. ರೋಲರ್ ಉರುಳಿಸುವಾಗ ಅಂಚಿನಿಂದ ಆರಂಭಿಸಿ ನಡುವಿಗೆ ಬರಬೇಕು.

ಲೆಕ್ಕ ಹೀಗೆ: ಒಂದು ಕಿಲೋಮೀಟರಿಗೆ 3.75 ಮೀಟರು ಅಗಲ, 15 ಸೆಂ.ಮೀ. ದಪ್ಪ ಹಾಸಲು ಸುಮಾರು 560 ಘನ ಮೀಟರು ಗರಸು ಬೇಕು. ಟ್ರೇಲರಿಗೆ 100 ಘನ ಅಡಿ ಹಿಡಿದರೆ ಸುಮಾರು 200 ಟ್ರೇಲರ್. ದಾರಿ ಬಳಸುವ ಕುಟುಂಬಗಳು 40 ಇದ್ದರೆ ಪಾಲಿಗೆ ಐದು ಟ್ರೇಲರ್. ಒಬ್ಬನಿಗೆ ಹೊರೆಯಾಗುವುದು ಊರಿಗೆ ಹೊರೆಯಲ್ಲ. ಗರಸು ಅಗೆಯುವ ಮುನ್ನ ಅನುಮತಿ ಪಡೆಯುವುದನ್ನು ಮರೆಯಬಾರದು.

ವರ್ಷವಿಡೀ ಆರೈಕೆ

*ಮೇ ತಿಂಗಳು:* ಚರಂಡಿ, ಮೋರಿಗಳ ಹೂಳು ತೆಗೆಯಿರಿ. ನಡುಭಾಗ ಕುಸಿದಿದ್ದರೆ ಮತ್ತೆ ಏರಿಸಿ.

*ಮಳೆಗಾಲ:* ದೊಡ್ಡ ಮಳೆ ಬಂದಾಗ ಒಮ್ಮೆ ಗುದ್ದಲಿ ಹಿಡಿದು ದಾರಿ ಸುತ್ತಿ ಬನ್ನಿ. ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಅಂದು ಕಣ್ಣಿಗೆ ಕಾಣುವಷ್ಟು ಬೇರೆ ದಿನ ಕಾಣದು. ದಾರಿ ಹಸಿಯಿರುವಾಗ ಭಾರದ ಟ್ರೇಲರ್ ಬಿಡಬೇಡಿ. ಕೆಸರು ಗದ್ದೆಯ ಕಬ್ಬಿಣದ ಚಕ್ರ ತೊಟ್ಟ ಟ್ರ್ಯಾಕ್ಟರನ್ನು ದಾರಿಗೆ ತರಲೇಬಾರದು.

*ಮಳೆ ನಿಂತ ಮೇಲೆ:* ಗುಂಡಿಯ ನೀರು, ಕೆಸರು ತೆಗೆದು, ಅಂಚನ್ನು ಚೌಕವಾಗಿ ಕಡಿದು, ಗರಸು ತುಂಬಿ ದಿಮ್ಮಿಸಿ. ನೀರಿರುವ ಗುಂಡಿಗೆ ಮಣ್ಣು ಸುರಿದರೆ ಕೆಸರು ಹೆಚ್ಚುತ್ತದೆ ಅಷ್ಟೆ.

*ಎಲ್ಲ ಕಾಲದಲ್ಲೂ:* ಹೊಲಕ್ಕೆ ನೀರು ಹಾಯಿಸಲು ದಾರಿ ಕಡಿಯಬೇಡಿ, ಕೊಳವೆ ಹಾಕಿಸಿ. ಉಳುಮೆಯ ಸಾಲನ್ನು ಚರಂಡಿಯವರೆಗೆ ಒಯ್ಯಬೇಡಿ. ಹೊಂಗೆ, ಬೇವಿನ ಸಸಿಗಳನ್ನು ಚರಂಡಿಯ ಆಚೆಗೆ ನೆಡಿ; ದಾರಿಯ ಮೇಲೆ ಸದಾ ನೆರಳಿದ್ದರೆ ಅದು ಒಣಗುವುದಿಲ್ಲ.

ದಾರಿಯನ್ನು ಬಳಸುವ ಮನೆಗಳಿಂದ ಮಳೆಗೆ ಮೊದಲು ಮನೆಗೊಂದು ಆಳು, ಒಂದು ದಿನ ದುಡಿದರೆ ಚರಂಡಿಯ ಕೆಲಸದ ಬಹುಪಾಲು ಮುಗಿಯುತ್ತದೆ. ಹೀಗೆ ಆಕಾರಕ್ಕೆ ತಂದ ದಾರಿಗೆ ನಾಳೆ ಸರ್ಕಾರದಿಂದ ಡಾಂಬರು ಬಂದರೆ ಅದು ನಿಲ್ಲುತ್ತದೆ. ಚರಂಡಿಯಿಲ್ಲದ ದಾರಿಗೆ ಹಾಕಿದ ಡಾಂಬರು ಮಳೆಯ ಪಾಲು. ಆದುದರಿಂದ ಗ್ರಾಮಸಭೆಯಲ್ಲಿ ರಸ್ತೆ ಕೇಳುವಾಗ ಚರಂಡಿ, ಮೋರಿಗಳನ್ನೂ ಅಂದಾಜು ಪಟ್ಟಿಗೆ ಸೇರಿಸಿರೆಂದು ಒತ್ತಾಯಿಸುವುದು ಪ್ರತಿಯೊಬ್ಬ ರೈತನ ಕರ್ತವ್ಯ.