ಚಾಚಾರ ಮಣ್ಣಿಗೆ ನಾನು ಹೋಗಲಿಲ್ಲ

ನಾವು ಕೆರೆಬಿಳಚಿ ಬಿಟ್ಟು ದಾವಣಗೆರೆಗೆ ಬಂದು ಎಂಟು ವರ್ಷ ಆಯ್ತು. ಊರಲ್ಲಿ ನಮ್ಮ ಮನೆಗೂ ಚಾಚಾರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಚಾಚಾ ಅಡಿಕೆ ಚೇಣಿ ಮಾಡ್ತಿದ್ರು. ರಜೆಯಲ್ಲಿ ನನ್ನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಸೂಳೆಕೆರೆಗೆ ಕರೆದುಕೊಂಡು ಹೋಗುತ್ತಿದ್ದವರು ಅವರೇ.

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿ, "ಚಾಚಾ ಹೋಗ್ಬಿಟ್ರಂತೆ ಕಣೋ, ನಾವು ಹೊರಟ್ವಿ" ಅಂದರು. ಪರೀಕ್ಷೆ ಮುಗಿಸಿ ನಾಳೆ ಹೋದರಾಯ್ತು, ಇಲ್ಲಾಂದ್ರೆ ಹನ್ನೊಂದನೇ ದಿನಕ್ಕೆ ಹೋಗೋಣ ಅಂದುಕೊಂಡೆ. ನಮ್ಮ ಲಿಂಗಾಯತರ ಮನೆಗಳಲ್ಲಿ ದೂರದ ನೆಂಟರಿಗೆ ಕಾಯ್ತಾರೆ, ಆಮೇಲೆ ಶಿವಗಣಾರಾಧನೆಗೆ ಎಲ್ಲರೂ ಸೇರ್ತಾರೆ. ಎಲ್ಲ ಕಡೆಯೂ ಹೀಗೇ ಅಂತ ನನ್ನ ಲೆಕ್ಕ.

ಆ ಲೆಕ್ಕ ತಪ್ಪಿತು. ಮುಸ್ಲಿಮರಲ್ಲಿ ಸಾವಾದ ಮೇಲೆ ಆದಷ್ಟು ಬೇಗ ದಫನ್ ಮಾಡುತ್ತಾರೆ. ದೇಹಕ್ಕೆ ಸ್ನಾನ ಮಾಡಿಸಿ, ಕಫನ್ ಎಂಬ ಬಿಳಿ ಬಟ್ಟೆ ಸುತ್ತಿ, ಜನಾಝಾ ನಮಾಜ್ ಮಾಡುತ್ತಾರೆ. ಈ ನಮಾಜನ್ನು ನಿಂತೇ ಮುಗಿಸುತ್ತಾರೆ, ಬಾಗುವುದಾಗಲಿ ಹಣೆ ನೆಲಕ್ಕೆ ಮುಟ್ಟಿಸುವುದಾಗಲಿ ಇಲ್ಲ. ನಾನು ಪರೀಕ್ಷೆ ಬರೆದು ಹೊರಗೆ ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಆಮೇಲೆ ಕೇಳಿ ತಿಳಿದುಕೊಂಡೆ. ನಮ್ಮಲ್ಲೂ ಹೂಳುತ್ತಾರೆ, ಅವರಲ್ಲೂ ಹೂಳುತ್ತಾರೆ. ನಮ್ಮಲ್ಲಿ ದೇಹವನ್ನು ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ಹಾಕುತ್ತಾರೆ. ಅವರಲ್ಲಿ ಮಲಗಿಸಿ, ಮುಖವನ್ನು ಕಾಬಾದ ದಿಕ್ಕಿಗೆ, ಅಂದರೆ ನಮ್ಮ ಕಡೆಯಿಂದ ಪಶ್ಚಿಮಕ್ಕೆ ತಿರುಗಿಸುತ್ತಾರೆ. ಕೊನೆಗೆ ಎರಡೂ ಕಡೆ ಬಂದವರು ಹಿಡಿ ಮಣ್ಣು ಹಾಕುತ್ತಾರೆ. ನಮ್ಮೂರ ಮಾತಲ್ಲಿ ಎರಡಕ್ಕೂ ಒಂದೇ ಹೆಸರು: "ಮಣ್ಣಿಗೆ ಹೋಗೋದು." ಸಾವಿನ ಮನೆಗೆ ನೆರೆಯವರು ಊಟ ಒಯ್ಯುವುದೂ ಎರಡೂ ಕಡೆ ಇದೆ. ಜಾಫರ್ ತೀರಿಕೊಂಡಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕೊಡಿ ಎಂದು ಪ್ರವಾದಿ ಮುಹಮ್ಮದರೇ ಹೇಳಿದ್ದರಂತೆ. ಇದು ಗೊತ್ತಿಲ್ಲದೆಯೇ ಅಮ್ಮ ಆ ದಿನ ಚಿತ್ರಾನ್ನ ಮಾಡಿಕೊಂಡು ಹೋಗಿದ್ದರು.

ಭಾನುವಾರ ನಾನು ಹೋದೆ. ಚಾಚಿ ಇದ್ದತ್‌ನಲ್ಲಿದ್ದರು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇದ್ದು, ಅಲಂಕಾರ ಬಿಟ್ಟು ಶೋಕ ಆಚರಿಸುವ ಅವಧಿ ಅದು. ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ. ಉಳಿದವರಿಗೆ ಮೂರೇ ದಿನ. ಬೆಳೆದ ಹುಡುಗ ನಾನು, ಒಳಗೆ ಹೋಗುವಂತಿರಲಿಲ್ಲ. ಪರದೆಯ ಹಿಂದಿನಿಂದಲೇ ಚಾಚಿ, "ಪರೀಕ್ಷೆ ಚೆನ್ನಾಗಿ ಬರೆದ್ಯಾ ಮಗಾ?" ಅಂದರು. ಉತ್ತರ ಹೇಳೋಕೆ ಗಂಟಲು ಬರಲಿಲ್ಲ.

ಸಾವಿನ ಮನೆಯಿಂದ "ಹೋಗಿ ಬರ್ತೀನಿ" ಅನ್ನದೆ ಹೊರಡಬೇಕು ಅನ್ನೋದು ನಮ್ಮ ರೂಢಿ. ಹಾಗೇ ಸುಮ್ಮನೆ ಎದ್ದು ಬಂದೆ. ಮರುದಿನ ಚಾಚಾರ ಮಗ ಫೋನ್ ಮಾಡಿದ: "ಹೇಳದೇ ಹೋದ್ಯಲ್ಲೋ, ಏನಾದ್ರೂ ಬೇಜಾರಾಯ್ತಾ? ಅಮ್ಮಿ ಕೇಳ್ತಿದಾರೆ." ಕಾರಣ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ನಿಮ್ಮಜ್ಜಿ ತೀರ್ಕೊಂಡಾಗ ನಾನು 'ಬರ್ತೀನಿ' ಅಂದಿದ್ದಕ್ಕೆ ಎಲ್ಲರೂ ನನ್ನ ಮುಖ ನೋಡಿದ್ರು. ಯಾಕೆ ಅಂತ ಇವತ್ತು ಗೊತ್ತಾಯ್ತು." ಗೋಡೆ ಹಂಚಿಕೊಂಡು ಅಷ್ಟು ವರ್ಷ ಇದ್ದರೂ ನಾವಿಬ್ಬರೂ ಇದನ್ನು ಕೇಳಿಕೊಂಡಿರಲೇ ಇಲ್ಲ.

ನಮ್ಮ ಹಾಸ್ಟೆಲಲ್ಲಿ ಎಲ್ಲ ತರದ ಮನೆಗಳಿಂದ ಬಂದವರಿದ್ದೀವಿ. ಗೆಳೆಯನ ಮನೆಯಲ್ಲಿ ಸಾವಾದರೆ ನಮ್ಮ ಮನೆಯ ರೂಢಿಯನ್ನೇ ಅಳತೆ ಮಾಡಿಕೊಳ್ಳೋದು ಬೇಡ. ಮೊದಲು "ಮಣ್ಣು ಯಾವಾಗ?" ಅಂತ ಕೇಳಿ. ದಹನವೋ ದಫನವೋ, ಹೂವು ತರಬಹುದೋ ಬೇಡವೋ, ಎಲ್ಲಿ ಕೂರಬೇಕು ಅಂತ ಅವರ ಮನೆಯವರನ್ನೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆಗುವಂತಿದ್ದರೆ ಅವತ್ತೇ ಹೊರಡಿ. ಇಂಟರ್ನಲ್ಸ್ ಇನ್ನೊಂದು ಬರುತ್ತೆ.

ಚಾಚಿಯ ಇದ್ದತ್ ಮುಂದಿನ ತಿಂಗಳು ಮುಗಿಯುತ್ತೆ. ಅಮ್ಮನ ಜೊತೆ ಹೋಗ್ತಿದ್ದೀನಿ. ಈ ಸಲ ಹೇಳಿಯೇ ಹೊರಡ್ತೀನಿ.